ಪಕ್ಕದ್ದನ್ನು ನೋಡಿ ಗುಂಪು ಮಾಡು

ರೂಬಿಯಲ್ಲಿ ಅರೇಯೊಂದನ್ನು ಸಾಲು ಕೆಡದಂತೆ ತುಂಡು ಮಾಡಬೇಕಾದಾಗ ಹೊಸಬರ ಕೈ ಮೊದಲು ಹೋಗುವುದು ಈಚ್ ಕಡೆಗೆ. ಒಂದು ಖಾಲಿ ಅರೇ, ಹಿಂದಿನ ಅಂಶವನ್ನು ನೆನಪಿಡಲು ಒಂದು ವೇರಿಯಬಲ್, ನಡುವೆ ಒಂದು ಇಫ್. ಲೂಪ್ ಮುಗಿದ ಮೇಲೆ ಕೈಯಲ್ಲೇ ಉಳಿದ ಕೊನೆಯ ಗುಂಪನ್ನು ಫಲಿತಾಂಶಕ್ಕೆ ಸೇರಿಸುವುದು ಮಾತ್ರ ಮರೆತುಹೋಗುತ್ತದೆ. ಆ ಲೂಪ್ ಬರೆಯಬೇಡ ತಮ್ಮಾ. ಈ ಕೆಲಸಕ್ಕೆಂದೇ ಎನ್ಯುಮರಬಲ್‌ನಲ್ಲಿ ಮೆಥಡ್‌ಗಳಿವೆ.

ಮೊದಲು ಒಂದನ್ನು ತೀರ್ಮಾನಿಸಿಕೋ: ನಿನಗೆ ಕ್ರಮ ಮುಖ್ಯವೇ? 2, 4, 1, 3, 6 ಎಂಬ ಸಾಲನ್ನು ಸಮ, ಬೆಸ ಎಂದು ಗ್ರೂಪ್_ಬೈ ಮಾಡಿದರೆ ಎರಡೇ ಗುಂಪು. ದೂರದ 6 ಕೂಡ 2, 4ರ ಜೊತೆ ಸೇರುತ್ತದೆ. ಚಂಕ್ ಮಾಡಿದರೆ ಮೂರು ಗುಂಪು, ಏಕೆಂದರೆ ಅದು ಪಕ್ಕಪಕ್ಕದಲ್ಲಿ ಇರುವವನ್ನು ಮಾತ್ರ ಕೂಡಿಸುತ್ತದೆ.

ಚಂಕ್‌ನಲ್ಲಿ ಒಂದು ಕಡೆ ಎಚ್ಚರ ಬೇಕು. ಬ್ಲಾಕ್ ನಿಲ್ ಕೊಟ್ಟರೆ ಆ ಅಂಶವನ್ನೇ ಅದು ಕೈಬಿಡುತ್ತದೆ. ಖಾಲಿ ಸಾಲುಗಳನ್ನು ತೆಗೆದು ಪ್ಯಾರಾ ಬಿಡಿಸಲು ಇದು ಬಹಳ ಒಳ್ಳೆಯದು. ಆದರೆ ಬ್ಲಾಕ್‌ನೊಳಗೆ =~ ಬಳಸಿ ರೆಜೆಕ್ಸ್ ಹೋಲಿಸಿದೆಯೋ, ಹೊಂದದ ಸಾಲುಗಳೆಲ್ಲ ಸದ್ದಿಲ್ಲದೆ ಮಾಯ. ಹೊಂದಿದ ಸಾಲುಗಳೂ ಒಂದಾಗಿ ಉಳಿಯುವ ಭರವಸೆಯಿಲ್ಲ: =~ ಕೊಡುವುದು ಹೊಂದಿಕೆ ಶುರುವಾದ ಸ್ಥಾನವನ್ನು, ಹಾಗಾಗಿ ಒಂದರಲ್ಲಿ 0, ಪಕ್ಕದ್ದರಲ್ಲಿ 5 ಬಂದರೆ ಬೇರೆ ಬೇರೆ ಗುಂಪಾಗುತ್ತವೆ. ಎರರ್ ಏನೂ ಬರುವುದಿಲ್ಲ, ಡೇಟಾ ಮಾತ್ರ ತಪ್ಪು. ಅದಕ್ಕೇ ರೂಬಿ 2.4ರಿಂದ ಇರುವ ಮ್ಯಾಚ್? ಬಳಸು, ಅದು ಟ್ರೂ ಅಥವಾ ಫಾಲ್ಸ್ ಮಾತ್ರ ಕೊಡುತ್ತದೆ, ಯಾವ ಸಾಲೂ ಕಳೆದುಹೋಗುವುದಿಲ್ಲ.

ಅಂಶವನ್ನು ಒಂಟಿಯಾಗಿ ನೋಡಿದರೆ ಸಾಲದು, ಅದರ ಹಿಂದಿನದನ್ನೂ ನೋಡಬೇಕು ಎನ್ನುವಾಗ 2.2ರಲ್ಲಿ ಬಂದ ಸ್ಲೈಸ್_ವೆನ್, 2.3ರಲ್ಲಿ ಬಂದ ಚಂಕ್_ವೈಲ್ ಇವೆ. ಮೊದಲನೆಯದಕ್ಕೆ ಎಲ್ಲಿ ಕತ್ತರಿಸಬೇಕು ಎಂದು ಹೇಳು, ಎರಡನೆಯದಕ್ಕೆ ಎಲ್ಲಿಯವರೆಗೆ ಜೋಡಿಸಿಕೊಂಡು ಹೋಗಬೇಕು ಎಂದು. 3, 4, 5, 9, 10, 14 ಎಂಬ ಪುಟಸಂಖ್ಯೆಗಳನ್ನು 3–5, 9–10, 14 ಎಂದು ಒಡೆಯಲು ಒಂದೇ ಸಾಲು ಸಾಕು.

ಲಾಗ್ ಫೈಲ್ ಆದರೆ ಸ್ಲೈಸ್_ಬಿಫೋರ್ ಹಿಡಿ. ದಿನಾಂಕದಿಂದ ಶುರುವಾಗುವ ಸಾಲಿನ ರೆಜೆಕ್ಸನ್ನು ನೇರವಾಗಿ ಕೊಟ್ಟರಾಯಿತು, ಕೆಳಗಿನ ಸ್ಟ್ಯಾಕ್ ಟ್ರೇಸ್ ಎಲ್ಲ ತನ್ನ ಎರರ್ ಜೊತೆಗೇ ಉಳಿಯುತ್ತದೆ. ಫೈಲ್ ಅರ್ಧ ಟ್ರೇಸ್‌ನಿಂದಲೇ ಶುರುವಾಗಿದ್ದರೆ ಮೊದಲ ಗುಂಪಿಗೆ ದಿನಾಂಕದ ಸಾಲೇ ಇರುವುದಿಲ್ಲ. ಮುಂದಿನ ಕೆಲಸಕ್ಕೆ ಹೋಗುವ ಮುನ್ನ ಅದನ್ನು ಪರೀಕ್ಷಿಸು.