ರಕ್ತಕಣದಿಂದ ನರದ ಆಕರಕೋಶ



ಗೊಟ್ಟಿಗೆರೆಯಿಂದ ಬನ್ನೇರುಘಟ್ಟ ರಸ್ತೆಯಲ್ಲಿ ಡೇರಿ ವೃತ್ತದವರೆಗೆ ಸಾಗಿದರೆ ನಿಮ್ಹಾನ್ಸ್ ಸಮೀಪಿಸುತ್ತದೆ. ಮನೋವ್ಯಾಧಿಯಿಂದಲೋ ಮರೆವಿನಿಂದಲೋ ಬಳಲುವ ಬಂಧುಗಳನ್ನು ಕರೆದುಕೊಂಡು ಆ ದಾರಿಯನ್ನು ಸವೆಸಿದ ಕುಟುಂಬಗಳು ನಮ್ಮ ನಡುವೆ ಇವೆ. ಕಾಯವನ್ನು ಶಿವನ ಆಲಯವೆಂದು ನಂಬಿದ ನಾವು ಮಿದುಳಿನ ರೋಗವನ್ನು ಮನೆತನದ ಕಳಂಕವೆಂದು ಎಣಿಸಲಾಗದು. ಅದೂ ಕಾಯದ ವ್ಯಾಧಿಯೇ.

ಆದರೆ ಆ ವ್ಯಾಧಿಯ ಮೂಲವನ್ನು ಅರಿಯುವುದು ಕಠಿಣ. ಬದುಕಿರುವವರ ಮಿದುಳಿನ ತುಣುಕನ್ನು ಅಧ್ಯಯನಕ್ಕೆಂದು ತೆಗೆಯಲಾಗದು. ರಕ್ತವನ್ನಾದರೋ ಸುಲಭವಾಗಿ ಪಡೆಯಬಹುದು. ಬಿಳಿ ರಕ್ತಕಣದಲ್ಲಿಯೂ ನರಕೋಶದಲ್ಲಿಯೂ ಇರುವ ವಂಶವಾಹಿಗಳು ಬಹುಮಟ್ಟಿಗೆ ಒಂದೇ. ಯಾವುದು ಜಾಗೃತ, ಯಾವುದು ಸುಪ್ತ ಎಂಬುದರಲ್ಲಿ ಮಾತ್ರ ಭೇದ. ಜಪಾನಿನ ಶಿನ್ಯಾ ಯಮನಾಕ ಅವರು ನಾಲ್ಕು ವಂಶವಾಹಿಗಳ ನೆರವಿನಿಂದ ಬಲಿತ ಕೋಶವನ್ನು ಭ್ರೂಣಾವಸ್ಥೆಯಂತಹ ಮೂಲಸ್ಥಿತಿಗೆ ಮರಳಿಸಬಹುದೆಂದು 2006ರಲ್ಲಿ ಇಲಿಯ ಕೋಶಗಳಲ್ಲಿಯೂ 2007ರಲ್ಲಿ ಮಾನವ ಕೋಶಗಳಲ್ಲಿಯೂ ತೋರಿಸಿದರು. 2012ರಲ್ಲಿ ಜಾನ್ ಗರ್ಡನ್ ಅವರೊಡನೆ ನೊಬೆಲ್ ಪುರಸ್ಕಾರವನ್ನು ಪಡೆದರು. 2018ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ವಿಜ್ಞಾನಿಗಳು ಈ ಮೂಲಸ್ಥಿತಿಯನ್ನು ಬಳಸದೆ, ವಯಸ್ಕರ ರಕ್ತಕಣಗಳನ್ನು ನೇರವಾಗಿ ನರದ ಆಕರಕೋಶಗಳನ್ನಾಗಿ ಮಾರ್ಪಡಿಸಿದರು.

ಬೆಂಗಳೂರಿನಲ್ಲಿಯೂ ಈ ವಿದ್ಯೆ ನಡೆದಿದೆ. ನಿಮ್ಹಾನ್ಸ್, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು 2016ರಿಂದ ಕೂಡಿ ಒಂದು ಅಧ್ಯಯನವನ್ನು ಕೈಗೊಂಡವು. ಸ್ಕಿಜೋಫ್ರೀನಿಯಾ, ಬೈಪೋಲಾರ್ ವ್ಯಾಧಿ, ಗೀಳು ಮನೋರೋಗ, ವ್ಯಸನ, ಆಲ್ಜೈಮರ್ ಮರೆವು ಎಂಬ ಐದು ವ್ಯಾಧಿಗಳಲ್ಲಿ ಒಂದಕ್ಕಿಂತ ಹೆಚ್ಚು ಮಂದಿ ಬಳಲುವ ಕುಟುಂಬಗಳಿಂದ ಒಪ್ಪಿಗೆಯ ಮೇರೆಗೆ ರಕ್ತವನ್ನು ಪಡೆದು, ಅದರ ಕೋಶಗಳನ್ನು ಮೂಲಸ್ಥಿತಿಗೆ ಒಯ್ದು, ಅವುಗಳಿಂದ ನರದ ಆಕರಕೋಶಗಳನ್ನು ಬೆಳೆಸಲಾಗುತ್ತದೆ. ಅದೇ ಮನೆಯ ಆರೋಗ್ಯವಂತರ ಕೋಶಗಳೊಡನೆ ಹೋಲಿಸಿದಾಗ ವ್ಯತ್ಯಾಸವು ಎಲ್ಲಿ ಮೊದಲಾಯಿತೆಂಬುದರ ಸುಳಿವು ದೊರಕುವುದೆಂಬುದು ಅವರ ಆಶಯ.

ಇಲ್ಲೊಂದು ಎಚ್ಚರಿಕೆ ಅವಶ್ಯ. ಇದು ರೋಗವನ್ನು ಅರಿಯುವ ಸಾಧನ, ಗುಣಪಡಿಸುವ ಔಷಧಿಯಲ್ಲ. ಮೂಲಸ್ಥಿತಿಯ ಕೋಶಗಳು ದೇಹದೊಳಗೆ ಗಡ್ಡೆಗಳಾಗಿ ಬೆಳೆಯುವ ಅಪಾಯವುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ, ಮುಖ್ಯವಾಗಿ ರಕ್ತಸಂಬಂಧಿ ರೋಗಗಳಿಗೆ ಮಾಡುವ ಕೋಶಕಸಿಯ ಹೊರತು, ಆಕರಕೋಶಗಳ ಪ್ರಯೋಗವು ಅನುಮತಿ ಪಡೆದ ಸಂಶೋಧನೆಯಲ್ಲಿ ಮಾತ್ರ ಸಲ್ಲುತ್ತದೆ. ಆದುದರಿಂದ ಆಕರಕೋಶದ ಸೂಜಿಯಿಂದ ಮರೆವು ವಾಸಿಯಾಗುವುದೆಂದು ಯಾರಾದರೂ ಹಣ ಕೇಳಿದರೆ, ಒಡವೆ ಒತ್ತೆಯಿಡುವ ಮುನ್ನ ತಜ್ಞ ವೈದ್ಯರನ್ನು ವಿಚಾರಿಸೋಣ. ಸೇವಿಸುತ್ತಿರುವ ಔಷಧಿಯನ್ನು ನಿಲ್ಲಿಸದಿರೋಣ.

ಅರಿವೇ ಗುರುವೆಂದು ಬಾಳುವವರಿಗೆ, ಅರಿತು ನೀಡಿದ ರಕ್ತದ ಕೆಲವು ಹನಿಗಳೂ ದಾಸೋಹವೇ.