ಮುಗ್ಗಿದ ಹಿಂಡಿ

ಮಳೆಗಾಲದಲ್ಲಿ ಮೂಲೆಯಲ್ಲಿ ಉಳಿದ ಕಾಳು, ಹಿಂಡಿಗಳ ಮೇಲೆ ಹಳದಿ ಬೆರೆತ ಹಸುರು ಬಣ್ಣದ ಬೂಷ್ಟು ಬೆಳೆಯುವುದನ್ನು ಕಾಣದವರಿಲ್ಲ. ಬೂಷ್ಟನ್ನು ಕೊಡವಿದರೆ ಪದಾರ್ಥ ಶುದ್ಧವಾಯಿತೆಂದು ಜನರು ಬಹುಕಾಲ ನಂಬಿದ್ದರು. ಮನುಷ್ಯರು ತಿನ್ನಲಾಗದ ಕಾಳನ್ನು ದನಕ್ಕೋ ಕೋಳಿಗೋ ಮೀನಿಗೋ ಹಾಕುವುದು ಜಾಣತನವೆನಿಸಿತ್ತು. ಈ ನಂಬಿಕೆ ಎಷ್ಟು ಅಪಾಯಕರವೆಂಬುದು 1960ರಲ್ಲಿ ಎರಡು ದೇಶಗಳಲ್ಲಿ ನಡೆದ ಘಟನೆಗಳಿಂದ ತಿಳಿಯಿತು.

ಆ ವರ್ಷ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗಾಣುವೂ ಸಿಗಲಿಲ್ಲ. ಕೊನೆಗೆ ಸಂಶಯವು ಬ್ರೆಜಿಲ್ ದೇಶದಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯ ಮೇಲೆ ಬಿದ್ದಿತು. ಆ ಹಿಂಡಿಯಲ್ಲಿ ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದಿತ್ತು. ಅದು ಉತ್ಪಾದಿಸಿದ ವಿಷಕ್ಕೆ, ಬೂಷ್ಟಿನ ಹೆಸರಿನಿಂದಲೇ ಅಕ್ಷರಗಳನ್ನಾಯ್ದು, ಅಫ್ಲಾಟಾಕ್ಸಿನ್ ಎಂದು ಹೆಸರಿಡಲಾಯಿತು.

ಅದೇ ಕಾಲದಲ್ಲಿ ಅಮೆರಿಕದ ಮೀನು ಸಾಕಣೆ ಕೇಂದ್ರಗಳಲ್ಲಿ ಮತ್ತೊಂದು ಸಮಸ್ಯೆ ತಲೆದೋರಿತು. ರೈನ್‌ಬೋ ಟ್ರೌಟ್ ಎಂಬ ಮೀನುಗಳನ್ನು ಕೊಯ್ದು ನೋಡಿದಾಗ ಅವುಗಳ ಯಕೃತ್ತಿನಲ್ಲಿ ಕ್ಯಾನ್ಸರಿನ ಗಂಟುಗಳು ಕಂಡುಬಂದವು. ಹಿಂದೆ ಈ ಮೀನುಗಳಿಗೆ ಹಸಿ ಮಾಂಸವನ್ನು ಹಾಕುತ್ತಿದ್ದರು. ಆ ವೇಳೆಗೆ ಗುಳಿಗೆ ರೂಪದ ಒಣ ಆಹಾರ ಬಳಕೆಗೆ ಬಂದಿತ್ತು. ಆ ಆಹಾರಕ್ಕೆ ಬೆರೆಸಿದ ಹತ್ತಿಬೀಜದ ಹಿಂಡಿಯಲ್ಲಿ ಅದೇ ಅಫ್ಲಾಟಾಕ್ಸಿನ್ ಅಡಗಿತ್ತು.

ಈ ವಿಷದ ಪ್ರಭಾವವನ್ನು ಅರಿಯಲು ವಿಜ್ಞಾನಿಗಳು ಟ್ರೌಟ್ ಮೀನುಗಳ ಮೇಲೆ ಪ್ರಯೋಗ ನಡೆಸಿದರು. ಸಾವಿರ ಟನ್ ಆಹಾರದಲ್ಲಿ ಅರ್ಧ ಗ್ರಾಮಿಗಿಂತಲೂ ಕಡಿಮೆ ವಿಷವಿದ್ದರೆ ಸಾಕು. ಅಂತಹ ಆಹಾರವನ್ನು 15 ತಿಂಗಳು ತಿಂದ ಮೀನುಗಳಲ್ಲಿ ನೂರಕ್ಕೆ 14ರಷ್ಟು ಮೀನುಗಳ ಯಕೃತ್ತಿನಲ್ಲಿ ಗಂಟುಗಳು ಮೂಡಿದವು.

ಇಷ್ಟು ಅಲ್ಪ ವಿಷ ಇಷ್ಟು ದೊಡ್ಡ ಹಾನಿಯನ್ನು ಹೇಗೆ ಮಾಡುತ್ತದೆ? ದೇಹಕ್ಕೆ ಸೇರಿದ ವಿಷಗಳನ್ನು ನಿವಾರಿಸುವ ಕೆಲಸ ಯಕೃತ್ತಿನದು. ಅಲ್ಲಿಯ ಕಿಣ್ವಗಳು ಅಫ್ಲಾಟಾಕ್ಸಿನ್‌ನ ರೂಪವನ್ನು ಬದಲಿಸುತ್ತವೆ. ವಿಪರ್ಯಾಸವೆಂದರೆ, ಹೀಗೆ ಬದಲಾದ ರೂಪವೇ ಮೂಲಕ್ಕಿಂತ ಉಗ್ರವಾದುದು. ಅದು ಜೀವಕೋಶದ ಡಿ.ಎನ್.ಎ.ಗೆ ಅಂಟಿಕೊಂಡು ಕೋಶದ ಕ್ರಮವನ್ನೇ ಕೆಡಿಸುತ್ತದೆ. ಕಾಯಬೇಕಾದ ಅಂಗವೇ ಮೊದಲ ಬಲಿಯಾಗುತ್ತದೆ.

ಎಲ್ಲ ಮೀನುಗಳೂ ಟ್ರೌಟ್‌ನಷ್ಟು ಸೂಕ್ಷ್ಮವಲ್ಲ. ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್ ಎಂಬ ಮೀನು ಎಷ್ಟೋ ಪಟ್ಟು ಹೆಚ್ಚು ವಿಷವನ್ನು ತಡೆದುಕೊಳ್ಳಬಲ್ಲದು. ಆದರೆ ಸಾಯದಿರುವುದು ಬೇರೆ, ಆರೋಗ್ಯದಿಂದಿರುವುದು ಬೇರೆ. ವಿಷವುಂಡ ಮೀನಿನ ಬೆಳವಣಿಗೆ ಕುಂಠಿತವಾಗುತ್ತದೆ. ರಕ್ತ ಕ್ಷೀಣಿಸಿ ಕಿವಿರುಗಳು ಬಿಳಿಚಿಕೊಳ್ಳುತ್ತವೆ. ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ರೋಗನಿರೋಧಕ ಶಕ್ತಿಯೂ ಕುಂದುವುದರಿಂದ ಸಾಮಾನ್ಯ ರೋಗಾಣುವೂ ಮಾರಕವಾಗುತ್ತದೆ. ಸಾಕಿದವನು ನೀರನ್ನು ದೂರುತ್ತಾನೆ, ಮರಿಗಳನ್ನು ದೂರುತ್ತಾನೆ. ಹಿಂಡಿಯ ಚೀಲದ ಕಡೆಗೆ ಅವನ ದೃಷ್ಟಿ ಹರಿಯುವುದಿಲ್ಲ.

ಕರ್ನಾಟಕದ ಕೆರೆಕೊಳಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ಅಕ್ಕಿಯ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಬೆರೆಸಿ ಹಾಕುವುದು ಹಳೆಯ ರೂಢಿ. ಈ ಬೂಷ್ಟಿಗೆ ಬೇಕಾದ ಸೆಕೆ ಮತ್ತು ತೇವ ಎರಡೂ ಇಲ್ಲಿ ದೊರೆಯುತ್ತವೆ. ಆದುದರಿಂದ ಎಚ್ಚರಿಕೆ ಅಗತ್ಯ. ಬೇಯಿಸುವುದರಿಂದಾಗಲಿ ಬಿಸಿಲಿಗೆ ಹರಡುವುದರಿಂದಾಗಲಿ ಒಮ್ಮೆ ಹುಟ್ಟಿದ ವಿಷವು ನಾಶವಾಗುತ್ತದೆಂದು ನಂಬುವಂತಿಲ್ಲ. ಬೂಷ್ಟು ಸತ್ತರೂ ವಿಷ ಉಳಿಯುತ್ತದೆ. ಒಳ್ಳೆಯ ಹಿಂಡಿಯೊಡನೆ ಬೆರೆಸಿದರೆ ಅದು ಎಲ್ಲೆಡೆ ಹರಡುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಹೀಗಿರಲು ವಿಷ ಹುಟ್ಟದಂತೆ ನೋಡಿಕೊಳ್ಳುವುದೇ ಸರಿಯಾದ ದಾರಿ. ಕಡಲೆಕಾಯಿಯನ್ನು ಕಿತ್ತ ಕೂಡಲೇ ಚೆನ್ನಾಗಿ ಒಣಗಿಸಬೇಕು. ಒಡೆದ, ಹುಳು ಕೊರೆದ ಕಾಯಿಗಳನ್ನು ಆರಿಸಿ ತೆಗೆಯಬೇಕು. ಹಿಂಡಿಯ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಗಳ ಮೇಲೆ, ಗಾಳಿಯಾಡುವ ಕಡೆ ಇಡಬೇಕು. ಬೇಕಾದಷ್ಟನ್ನೇ ತಂದು ಬೇಗನೆ ಬಳಸಬೇಕು. ಮುಗ್ಗಿದ್ದನ್ನು ಯಾವ ಪ್ರಾಣಿಗೂ ಹಾಕದೆ ಬಿಸುಡಬೇಕು.

ಅಗ್ಗವೆಂದು ಮುಗ್ಗಿದ ಜೋಳ ಕೊಂಡರಂತೆ ಎಂದು ಹಿರಿಯರ ಗಾದೆಯೊಂದಿದೆ. ಅಫ್ಲಾಟಾಕ್ಸಿನ್ ಎಂಬ ಹೆಸರನ್ನು ಅವರು ಕೇಳಿರಲಿಲ್ಲ. ಆದರೂ ಮುಗ್ಗಿದ್ದರಲ್ಲಿ ಲಾಭವಿಲ್ಲವೆಂಬುದನ್ನು ಬಲ್ಲವರಾಗಿದ್ದರು. ಏಕೆ ಲಾಭವಿಲ್ಲವೆಂಬುದನ್ನು ಮೂಕಪ್ರಾಣಿಗಳು ತಮ್ಮ ಜೀವವನ್ನೇ ತೆತ್ತು ವಿಜ್ಞಾನಕ್ಕೆ ತಿಳಿಸಿಕೊಟ್ಟವು.