ರಂಜಾನ್ ಹಬ್ಬದೂಟ: ಮಧುಮೇಹಿಗಳೇ, ಮಾತ್ರೆಯ ವೇಳೆ ಗಮನಿಸಿ

ರಂಜಾನ್ ಉಪವಾಸ 29 ದಿನವಾಗಬಹುದು, 30 ಆಗಬಹುದು. ಷವ್ವಾಲ್ ತಿಂಗಳ ಚಂದ್ರ ಕಂಡ ಮರುದಿನವೇ ಈದ್-ಉಲ್-ಫಿತ್ರ್. ಅಂದು ಉಪವಾಸ ಮಾಡುವಂತಿಲ್ಲ. ಒಂದೇ ರಾತ್ರಿಯಲ್ಲಿ ಊಟದ ವೇಳೆ ತಲೆಕೆಳಗಾಗುತ್ತದೆ. ಆರೋಗ್ಯವಂತರಿಗೆ ಇದರಿಂದ ಹೆಚ್ಚೆಂದರೆ ಹೊಟ್ಟೆಯುಬ್ಬರ, ಎದೆಯುರಿ. ಮಧುಮೇಹಿಗಳ ವಿಷಯ ಹಾಗಲ್ಲ.

ಉಪವಾಸ ಮಾಡುವ ಮಧುಮೇಹಿಗಳಲ್ಲಿ ಅನೇಕರಿಗೆ, ಹಗಲಿನಲ್ಲಿ ರಕ್ತದ ಸಕ್ಕರೆ ತೀರಾ ಇಳಿಯದಿರಲೆಂದು, ವೈದ್ಯರು ಸಹರಿ ವೇಳೆಯ ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ತಗ್ಗಿಸಿರುತ್ತಾರೆ. ಹಬ್ಬದ ದಿನವೂ ಅದೇ ಕ್ರಮ ಮುಂದುವರಿದರೆ ಊಟವೆಲ್ಲ ಹಗಲಿಗೆ, ಔಷಧಿ ಮಾತ್ರ ರಾತ್ರಿಗೆ! ಆದ್ದರಿಂದ ಕೊನೆಯ ವಾರದಲ್ಲೇ ವೈದ್ಯರನ್ನು ಕಂಡು, ಹಬ್ಬದ ಬೆಳಿಗ್ಗೆಯಿಂದ ಯಾವ ಮಾತ್ರೆ, ಎಷ್ಟು, ಯಾವಾಗ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಚಂದ್ರ ಕಂಡ ರಾತ್ರಿ ಮನೆಯಲ್ಲಿ ನೂರೆಂಟು ಕೆಲಸ. ಆಗ ಇದು ನೆನಪಾಗುವುದಿಲ್ಲ.

ನಮಾಜಿಗೆ ಮುನ್ನ ಬಡವರಿಗೆ ಫಿತ್ರಾ ದಾನ ಕೊಟ್ಟು, ಬೆಸ ಸಂಖ್ಯೆಯಲ್ಲಿ ಖರ್ಜೂರ ತಿಂದು ಈದ್ಗಾಕ್ಕೆ ಹೊರಡುವುದು ಸಂಪ್ರದಾಯ. ಒಂದೂ ಬೆಸ ಸಂಖ್ಯೆಯೇ ಎಂಬುದನ್ನು ಮಧುಮೇಹಿಗಳು ಮರೆಯದಿರಲಿ.

ಮರಳಿ ಬಂದರೆ ಶೀರ್ ಖುರ್ಮಾ ಕಾದಿರುತ್ತದೆ. ಉತ್ತರ ಕರ್ನಾಟಕದವರಿಗೆ ಇದು ಸುರಕುಂಬಾ. ಹಾಲು, ತುಪ್ಪದಲ್ಲಿ ಹುರಿದ ಶಾವಿಗೆ, ಖರ್ಜೂರ, ಬಾದಾಮಿ, ಚಾರೋಳಿ, ಸಕ್ಕರೆ. ಬಟ್ಟಲಿಗೆ ಮೂರು ಚಮಚ ಸಕ್ಕರೆ ಎಂದರೂ ಅದೊಂದರಿಂದಲೇ ಸುಮಾರು 60 ಕ್ಯಾಲರಿ. ಉಳಿದದ್ದರ ಲೆಕ್ಕ ಬೇರೆ. ಒಂದು ಬಟ್ಟಲಿನಿಂದ ಅನಾಹುತವೇನೂ ಆಗದು. ಆದರೆ ಅಂದು ಹತ್ತು ಮನೆಗೆ ಹೋಗಬೇಕು, ಯಾರಿಗೂ ಬೇಡವೆನ್ನುವಂತಿಲ್ಲ. ನಿಮ್ಮ ಮನೆಯಲ್ಲಿ ಅರ್ಧ ಬಟ್ಟಲು ಕುಡಿಯಿರಿ, ಬೇರೆ ಮನೆಗಳಲ್ಲಿ ಒಂದು ಚಮಚಕ್ಕೆ ನಿಲ್ಲಿಸಿ. ಮನೆಯೊಡತಿಯರು ಹಿರಿಯರಿಗೆ ಚಿಕ್ಕ ಚಹಾ ಕಪ್ಪಿನಲ್ಲಿ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಪಾಪ, ಒತ್ತಾಯ ಮಾಡುವವರೂ ಅವರೇ.

ಸಿಹಿ ಹೆಚ್ಚಾಯಿತೆಂದು ಮಾತ್ರೆ ನುಂಗಿ ಊಟ ಬಿಡಬೇಡಿ. ಬೆವರು, ನಡುಕ, ತಲೆಸುತ್ತು ಕಾಣಿಸಿದರೆ ಸಕ್ಕರೆ ಇಳಿದಿರಬಹುದು. ತಕ್ಷಣ ಸಕ್ಕರೆ ನೀರು ಕುಡಿಯಿರಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಖರ್ಜೂರ, ಬಾದಾಮಿಯಲ್ಲಿರುವ ಪೊಟ್ಯಾಸಿಯಂ ಅಪಾಯಕರ.

ಇನ್ನು ಬಿರಿಯಾನಿ. ಮಧ್ಯಾಹ್ನದ ಪಾತ್ರೆಯನ್ನು ಬರುವ ನೆಂಟರಿಗೆಂದು ರಾತ್ರಿಯವರೆಗೆ ಹೊರಗೇ ಇಡುವುದುಂಟು. ತಣಿದ ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಎರಡು ಗಂಟೆಯೊಳಗೆ ಅಗಲ ತಟ್ಟೆಗೆ ಹರಡಿ, ಆರಿಸಿ, ಫ್ರಿಜ್ಜಿನಲ್ಲಿಡಿ.

ಹಬ್ಬದ ನಂತರ ಷವ್ವಾಲ್ ತಿಂಗಳ ಆರು ಐಚ್ಛಿಕ ಉಪವಾಸಗಳನ್ನು ಕೆಲವರು ಆಚರಿಸುತ್ತಾರೆ. ಮಧುಮೇಹಿಗಳು ಅದಕ್ಕೆ ತೊಡಗುವ ಮುನ್ನ ಮಾತ್ರೆಯ ಎರಡೂ ಚೀಟಿಗಳನ್ನು ವೈದ್ಯರಿಗೆ ಮತ್ತೊಮ್ಮೆ ತೋರಿಸಬೇಕು.